ಅಜ್ಜಿ ಒರೆಸಿದ ಬೂದಿ

ಹನೂರಿನಿಂದ ಕೊಳ್ಳೇಗಾಲಕ್ಕೆ ಹೊರಟ ಬಸ್ಸಿನಲ್ಲಿ, ಪಕ್ಕದಲ್ಲಿ ಕೂತಿದ್ದ ಅಪರಿಚಿತ ಅಜ್ಜಿ ಸೆರಗಿನಿಂದ ನನ್ನ ಹಣೆ ಒರೆಸಿಯೇಬಿಟ್ಟರು. "ಮಸಿ ಅಂಟ್ಕಂಡದೆ ಕಣವ್ವ."

ಅದು ಮಸಿಯಲ್ಲ, ಈಸ್ಟರ್‌ಗೆ ಮುಂಚಿನ ಉಪವಾಸ ಶುರುವಾಗುವ ಬೂದಿ ಬುಧವಾರದ ಪೂಜೆಯಲ್ಲಿ ಫಾದರ್ ಬೂದಿಯಿಂದ ಇಟ್ಟ ಶಿಲುಬೆ ಗುರುತು. ಮಣ್ಣಿನಿಂದ ಬಂದವಳು ಮಣ್ಣಿಗೇ ಮರಳುವೆ ಎಂದು ಅವರು ಹೇಳಿದ್ದು ಕೇಳಿ, ಗಡ್ಡೆಯ ಆಪರೇಷನ್ನಿಗೆ ಹೊರಟಿದ್ದ ನನಗೆ ಎದೆ ಕುಸಿದಿತ್ತು. ಎಲ್ಲವನ್ನೂ ಹೇಳಿದೆ.

ಅಜ್ಜಿ ತಮ್ಮ ಹಣೆಯ ವಿಭೂತಿ ಮುಟ್ಟಿಕೊಂಡು ನಕ್ಕರು. "ತೆಪ್ಪಾಯ್ತು ಕಣವ್ವ. ಆದ್ರೂ ಬೂದಿಗ್ಯಾಕೆ ಎದ್ರೀಯೆ? ಬದ್ನೆ ಗಿಡಕ್ಕೆ ಬೂದಿ ಆಕೋದು ಸಾಯ್ಲಿ ಅಂತ್ಲಾ? ಚಿಗುರ್ಲಿ ಅಂತ." ಸಂಚಿಯಿಂದ ವಿಭೂತಿ ಗಟ್ಟಿ ತೆಗೆದುಕೊಟ್ಟು, "ನಿಮ್ ಶಿಲುಬೆನೇ ಎಳ್ಕೊ" ಎಂದರು. ಎಳೆದುಕೊಂಡೆ.

ಈಸ್ಟರ್ ಪೂಜೆಗೆ ಗುಣವಾಗಿ ನಡೆದೇ ಹೋದೆ. ಹಿತ್ತಲಿನ ಬದನೆಗೆ ಬೂದಿ ಹಾಕುವಾಗಲೆಲ್ಲ ಈಗ ಒಂದು ಚಿಟಿಕೆ ನನ್ನ ಹಣೆಗೂ ಏರುತ್ತದೆ.