ರೂಟರಿಗೊಂದು ಕುಲಾವಿ

ನಮ್ಮ ಮನೆಗೆ ಯಾವ ಹೊಸ ಯಂತ್ರ ಕಾಲಿಟ್ಟರೂ ಮೊದಲು ಅದಕ್ಕೊಂದು ಮುಸುಕು ಸಿದ್ಧವಾಗುತ್ತದೆ. ಮಿಕ್ಸರಿಗೆ ಹೂವಿನ ಗವಸು, ಟೀವಿಗೆ ಜಾಲರಿಯ ಪರದೆ, ಹೊಲಿಗೆ ಯಂತ್ರಕ್ಕೆ ಹಳೆಯ ಇಳಕಲ್ಲ ಸೀರೆಯ ಸೆರಗು. ನನ್ನ ಹೆಂಡತಿ ಗಿರಿಜೆಯ ಕೈಗೆ ಕ್ರೋಶಾ ಕಡ್ಡಿ ಸಿಕ್ಕಿತೆಂದರೆ ಜಗತ್ತಿನಲ್ಲಿ ಬರಿಮೈಯಲ್ಲಿರುವುದೆಲ್ಲ ಆಕೆಗೆ ಸವಾಲಾಗಿ ಕಾಣುತ್ತದೆ. ನನ್ನ ಬೋಳುತಲೆಯ ಕಡೆಗೂ ಆಕೆ ಅಳತೆಯ ಕಣ್ಣಿನಿಂದ ನೋಡಿದ್ದುಂಟು. ಹೀಗಿರುವಾಗ ಪಡಸಾಲೆಯ ಗೂಡಿನಲ್ಲಿ ಕುಳಿತು ಹಸಿರು ಕಣ್ಣು ಮಿಟುಕಿಸುವ ವೈ-ಫೈ ರೂಟರ್ ಎಷ್ಟು ದಿನ ದಿಗಂಬರವಾಗಿ ಇದ್ದೀತು? ಅದಕ್ಕೂ ಬಿಳಿ ದಾರದ ಒಂದು ಕುಲಾವಿ ಬಂತು. ಆಂಟೆನಾಗಳು ಹೊರಚಾಚಲೆಂದು ಕಿವಿಯ ತೂತುಗಳನ್ನೂ ಬಿಟ್ಟಿದ್ದಳು. ಅಂತರ್ಜಾಲ ಕೈಕೊಟ್ಟಾಗಲೆಲ್ಲ ನಾನು ಮೊದಲು ದೂರುತ್ತಿದ್ದದ್ದು ಈ ಕುಲಾವಿಯನ್ನೇ.

ನಿವೃತ್ತ ಕನ್ನಡ ಉಪನ್ಯಾಸಕನಾದ ನನಗೆ ಅಂತರ್ಜಾಲದಿಂದ ಆಗಬೇಕಾದ ಘನಕಾರ್ಯವೇನೂ ಇಲ್ಲ. ಅದು ಬೇಕಾಗಿರುವುದು ಗಿರಿಜೆಗೆ. ಆಕೆಯ ಅಕ್ಕ ಶಾಂತಕ್ಕ ಕಾರಟಗಿಯ ತುಂಬಿದ ಮನೆಯ ಹಿರಿಯರು. ಕೆಲವು ವರ್ಷಗಳಿಂದ ಅವರಿಗೆ ಕಿವಿ ಕೇಳಿಸುವುದಿಲ್ಲ. ಕಿವಿಯ ಯಂತ್ರ ಹಾಕಿ ನೋಡಿದ್ದೂ ಆಯಿತು. ಊರಿನ ಅಕ್ಕಿ ಗಿರಣಿಯ ಗದ್ದಲದ ಹೊರತು ಬೇರೇನೂ ಒಳಗೆ ಹೋಗಲಿಲ್ಲ. ಈಗ ಅವರು ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಾರೆ. ಆದರೆ ತುಂಬಿದ ಮನೆಯಲ್ಲಿ ಎದುರು ಕುಳಿತು ನಿಧಾನವಾಗಿ ಮಾತಾಡುವ ವ್ಯವಧಾನ ಯಾರಿಗಿದೆ? ಎಲ್ಲರೂ ಕೂಡಿ ನಗುತ್ತಾರೆ; ಏನೆಂದು ಇವರು ಕೇಳಿದರೆ, "ಏನಿಲ್ಲ ಬಿಡಬೇ, ಆಮ್ಯಾಲೆ ಹೇಳ್ತೀನಿ" ಎನ್ನುತ್ತಾರೆ. ಆ ಆಮೇಲೆ ಎಂಬುದು ಬರುವುದೇ ಇಲ್ಲ. ದಿನಾ ಮಧ್ಯಾಹ್ನ ವಿಡಿಯೊ ಕರೆಯಲ್ಲಿ ಲೋಕದ ಸುದ್ದಿಯನ್ನೆಲ್ಲ ತುಟಿ ಬಿಡಿಸಿ ಹೇಳುವವಳು ಗಿರಿಜೆಯೊಬ್ಬಳೇ. ಚಿತ್ರ ಒಮ್ಮೆ ನಿಂತರೆ ಅರ್ಧ ಮಾತು ಹೋಯಿತು; ಮತ್ತೆ ಮತ್ತೆ ನಿಂತರೆ ಶಾಂತಕ್ಕ "ಇರ್ಲಿ ಬಿಡು ತಂಗಿ" ಎಂದು ಕರೆ ಮುಗಿಸಿಬಿಡುತ್ತಾರೆ. ಆ ಮಾತು ಕೇಳಿದ ದಿನ ಗಿರಿಜೆಗೆ ಊಟ ಸೇರುವುದಿಲ್ಲ.

ಇನ್ನು ನಮ್ಮ ಮನೆಯ ವಾಸ್ತುವೈಭವ ಕೇಳಿ. ಕೊಪ್ಪಳದ ಕೋಟೆಯ ಬುಡದಲ್ಲಿರುವ ನಮ್ಮದು ಮಣ್ಣಿನ ಮಾಳಿಗೆಯ ಮನೆ. ಬಿಸಿಲಿಗೆ ಅಂಜಿದ ಹಿರಿಯರು ಆನೆ ಗುದ್ದಿದರೂ ಅಲುಗದಂಥ ಕಲ್ಲುಗೋಡೆ ಕಟ್ಟಿದ್ದಾರೆ. ಒಳಗೆ ಬೆಳಕೆಂಬುದು ಇಳಿಯುವುದು ಅಡಿಗೆಮನೆಯ ಬೆಳಕಿಂಡಿಯಿಂದ ಮಾತ್ರ. ಅದರ ಕೆಳಗೆ ಕುಳಿತರಷ್ಟೇ ಗಿರಿಜೆಯ ತುಟಿ ಶಾಂತಕ್ಕನಿಗೆ ನಿಚ್ಚಳವಾಗಿ ಕಾಣುತ್ತದೆ. ಬಾಗಿಲಲ್ಲಿ ಕುಳಿತರೆ ಬೆಳಕು ಬೆನ್ನಿಗೆ ಬಿದ್ದು ಮುಖ ಕಪ್ಪಾಗುತ್ತದೆ. ಹೊರಗೆ ಕಟ್ಟೆಯ ಮೇಲೆ ಕುಳಿತರೆ ಓಣಿಯವರೆಲ್ಲ ಕರೆಯೊಳಗೆ ಬಂದು ಕ್ಷೇಮ ವಿಚಾರಿಸುತ್ತಾರೆ. ಹಾಗಾಗಿ ಸಿಗ್ನಲ್ಲೇ ಪಡಸಾಲೆಯಿಂದ ಅಡಿಗೆಮನೆಯವರೆಗೆ ನಡೆದು ಬರಬೇಕಿತ್ತು.

ಜೀವಮಾನವೆಲ್ಲ ಉತ್ತರಪತ್ರಿಕೆ ತಿದ್ದಿದ ಕೈ ಸುಮ್ಮನಿರುತ್ತದೆಯೇ? ನಾನು ರೂಟರುಗಳಿಗೂ ಪರೀಕ್ಷೆ ಇಟ್ಟೆ. ಸಂಪರ್ಕದ ಜೊತೆ ಪುಕ್ಕಟೆ ಬಂದ ಎರಡು ಕೊಂಬಿನದು ಪಡಸಾಲೆಯಲ್ಲಿ ಪ್ರಥಮ ದರ್ಜೆ, ನಡುಮನೆಯಲ್ಲಿ ಕೃಪಾಂಕದ ಪಾಸು, ಅಡಿಗೆಮನೆಯಲ್ಲಿ ಗೈರುಹಾಜರು. ಗಂಗಾವತಿಯ ಅಂಗಡಿಯವರು ಹೊಗಳಿ ಕೊಟ್ಟ ನಾಲ್ಕು ಕೊಂಬಿನದು ಕಬ್ಬಿಣದ ತಿಜೋರಿಯನ್ನು ಹೇಗೋ ದಾಟಿತು. ನೀರು ತುಂಬಿಟ್ಟ ಬ್ಯಾರಲ್ಲುಗಳ ಹತ್ತಿರ ಬಂದು ಕುಸಿದುಬಿತ್ತು. ಕೊನೆಗೆ ಅಂಚೆಯಲ್ಲಿ ತರಿಸಿದ್ದು ಎಂಟು ಕೊಂಬಿನ ಮಹಾಶಯನನ್ನು. ಅದರ ಡಬ್ಬಿಯ ಮೇಲೊಂದು ಮನೆಯ ಚಿತ್ರವಿತ್ತು, ಮೂಲೆಮೂಲೆಗೂ ನೀಲಿ ಅಲೆಗಳು ಹರಿಯುತ್ತಿದ್ದವು. ಆ ಮನೆಯಲ್ಲಿ ತಿಜೋರಿ ಇರಲಿಲ್ಲ, ಜೋಳದ ಡ್ರಮ್ಮಿರಲಿಲ್ಲ, ಹಂಡೆಯಿರಲಿಲ್ಲ, ಒಬ್ಬ ಮನುಷ್ಯನೂ ಇರಲಿಲ್ಲ. ಸಂಸಾರವಿಲ್ಲದ ಮನೆಯಲ್ಲಿ ಯಾವ ರೂಟರಾದರೂ ಚೆನ್ನಾಗಿಯೇ ಓಡುತ್ತದೆ.

ಆದರೂ ಈ ಮಹಾಶಯ ಅಡಿಗೆಮನೆಯನ್ನು ಗೆದ್ದ. ನನ್ನ ಫೋನು ಚಾರ್ಜಿಗಿತ್ತಾದ್ದರಿಂದ ಗಿರಿಜೆಯ ಫೋನಿನಲ್ಲಿ ವೇಗ ಅಳೆದೆ. ಮುಳ್ಳು ನೆಗೆದು ನಿಂತಿತು. ಆ ವಾರವೆಲ್ಲ ಶಾಂತಕ್ಕ ನಗಬೇಕಾದ ಗಳಿಗೆಗೆ ಸರಿಯಾಗಿ ನಕ್ಕರು. ಹಿಂದೆಲ್ಲ ಹಾಸ್ಯ ಮುಗಿದು, ಸಾಂಬಾರು ಕುದಿದು, ಆಮೇಲೆ ನಗು ಬರುತ್ತಿತ್ತು. ನಾನು ಕಟ್ಟೆಗೆ ಹೋಗಿ ಪಕ್ಕದ ಮನೆಯ ಮಹಬೂಬ್ ಸಾಹೇಬರೆದುರು ವಿಜಯವಾರ್ತೆ ಸಾರಿದೆ. ಗಾದಿ ಅಂಗಡಿಯ ಯಜಮಾನರಾದ ಅವರೂ ಸೋಲುವವರಲ್ಲ. "ಹೌದೇನ್ರಿ ಸರ್? ನಮ್ಮದು ಮ್ಯಾಲಿನ ಅಟ್ಟದಾಗ ಐತಿ, ಆದ್ರೂ ಇಲ್ಲಿ ಕಟ್ಟಿ ಮ್ಯಾಲೆ ಕುಂತ್ರ ಕ್ರಿಕೆಟ್ ಒಂಚೂರು ನಿಲ್ಲಂಗಿಲ್ಲ ನೋಡ್ರಿ" ಎಂದರು. ಇಬ್ಬರೂ ಮಕ್ಕಳ ಅಂಕಪಟ್ಟಿ ಹಿಡಿದ ತಂದೆಯರಂತೆ ಬೀಗಿದೆವು.

ಒಂದು ದಿನ ಸಾಹೇಬರು, ಅವರ ಹೆಂಡತಿ ರಜಿಯಾ ಬೀ, ಮನೆಯವರೆಲ್ಲ ಮದುವೆಗೆಂದು ಕುಷ್ಟಗಿಗೆ ಹೋದರು. ಅದೇ ಬೆಳಿಗ್ಗೆ ಶಾಂತಕ್ಕನ ಮಗ ಗಿರಿಜೆಗೆ ಫೋನು ಮಾಡಿ, ತನ್ನ ಮಗಳಿಗೆ ಗಂಡು ಗೊತ್ತಾಯಿತೆಂದೂ, ಮನೆ ತುಂಬ ಬೀಗರಿದ್ದಾರೆಂದೂ ಹೇಳಿ, "ಅವ್ವಗ ನೀನ ತಿಳಿಸಿ ಹೇಳಬೇ ಚಿಗವ್ವ" ಎಂದಿದ್ದ. ಮಧ್ಯಾಹ್ನ ಕರೆ ಹತ್ತಿದಾಗ ಶಾಂತಕ್ಕನ ಕೈಯಲ್ಲಿ ಪೇಡೆಯಿತ್ತು, ಕಣ್ಣಲ್ಲಿ ನೀರಿತ್ತು. "ಎಲ್ಲಾರೂ ಬಾಯಿ ಸಿಹಿ ಮಾಡ್ಯಾರ ತಂಗಿ. ಯಾವ ಊರಿಗೆ ಕೊಟ್ರಂತ ನನಗ ಯಾರೂ ಹೇಳವಲ್ರು" ಎಂದರು. ಗಿರಿಜೆ ತುಟಿ ಬಿಡಿಸುವಷ್ಟರಲ್ಲಿ ಚಿತ್ರ ನಿಂತೇಹೋಯಿತು. ಶಾಂತಕ್ಕನ ಮುಖ ಪ್ರಶ್ನೆಯಲ್ಲೇ ಗಟ್ಟಿಯಾಯಿತು.

ನಾನು ಫೋನು ಕಸಿದು ನೋಡಿದೆ. ಅದು ಕಳೆದುಕೊಂಡಿದ್ದ ಸಂಪರ್ಕದ ಹೆಸರು ನಮ್ಮದಲ್ಲ, ಸಾಹೇಬರ ಗಾದಿ ಅಂಗಡಿಯದು. ಊರಿಗೆ ಹೋಗುವಾಗ ಅವರು ಮೇನ್ ಸ್ವಿಚ್ ತೆಗೆದು ಹೋಗಿದ್ದರು.

"ರಜಿಯಾ ಬೀ ಪಾಸ್‌ವರ್ಡ್ ಕೊಟ್ಟಿದ್ದಳ್ರಿ. ಅವರ ಅಟ್ಟದಿಂದ ಬೆಳಕಿಂಡ್ಯಾಗ ಛಲೋ ಇಳೀತೈತಿ" ಎಂದಳು ಗಿರಿಜೆ, ಕಣ್ಣೊರೆಸಿಕೊಳ್ಳುತ್ತ. "ನೀವು ಭಾಳ ಖುಷಿಲೆ ಇದ್ರಿ, ಹೇಳಲಿಲ್ಲ."

ಅವಮಾನಪಡಲು ಆಗ ಪುರುಸೊತ್ತಿರಲಿಲ್ಲ. ಪಡಸಾಲೆಗೆ ಓಡಿ ರೂಟರಿನ ಕುಲಾವಿ ಕಿತ್ತೆ, ಉದ್ದನೆಯ ವೈರು ಹಚ್ಚಿದೆ, ಎಂಟು ಕೊಂಬಿನ ಮಹಾಶಯನನ್ನು ಎತ್ತಿಕೊಂಡು ಬಂದೆ. ಅಡಿಗೆಮನೆಯ ಹೊಸ್ತಿಲಿಗೆ ವೈರು ಮುಗಿಯಿತು. ಬ್ಯಾರಲ್ಲುಗಳು ಅಡ್ಡ ಬಾರದಿರಲೆಂದು ರೂಟರನ್ನು ತಲೆಯ ಮೇಲೆ ಹೊತ್ತು ನಿಂತೆ. ಚಿತ್ರ ಅಲುಗಾಡಿತು, ಶಾಂತಕ್ಕನಿಗೆ ಜೀವ ಬಂತು.

"ನಿನ್ನ ಗಂಡ ಯಾಕ ತಲಿ ಮ್ಯಾಲೆ ಏಡಿ ಇಟ್ಕೊಂಡು ನಿಂತಾರ?" ಎಂದರು.

ಗಿರಿಜೆ ಎಲ್ಲವನ್ನೂ ಹೇಳಿದಳು: ಹುಡುಗನ ಊರು ಯಲಬುರ್ಗಾ, ಸಾಲಿ ಮಾಸ್ತರ, ಒಳ್ಳೆಯ ಮಂದಿ, ಅತ್ತೆ ಬಾಯಿ ಜೋರಂತೆ. "ಅತ್ತಿ ಬಾಯಿ ಜೋರಿದ್ರ ಛಲೋನ ಆತು, ನಮ್ಮ ಹುಡುಗಿಗಿ ಎಲ್ಲಾ ಕೇಳಸ್ತೈತಿ" ಎಂದು ಶಾಂತಕ್ಕ ಅಳುತ್ತಲೇ ನಕ್ಕರು. ನನ್ನ ಕುತ್ತಿಗೆ ನೋಯುತ್ತಿತ್ತು. ಆದರೂ ಅಷ್ಟು ಸಂತೋಷವಾಗಿ ನಾನು ಯಾವ ಭಾರವನ್ನೂ ಹೊತ್ತದ್ದಿಲ್ಲ.

ಮದುವೆ ಮುಗಿಸಿ ಬಂದ ಸಾಹೇಬರು ಮರುದಿನ ಕಟ್ಟೆಯ ಮೇಲೆ ಮುಖ ಸಣ್ಣದು ಮಾಡಿಕೊಂಡು ಕುಳಿತಿದ್ದರು. "ನಮ್ಮ ರೂಟರಿಗೆ ಏನೋ ಆಗೇತ್ರಿ ಸರ್, ಕಟ್ಟಿ ಮ್ಯಾಲೆ ಹಿಡಿಯವಲ್ದು" ಎಂದರು. ನಾನು ಅಡಿಗೆಮನೆಯ ಹೊಸ್ತಿಲಲ್ಲೇ ಬಿಟ್ಟಿದ್ದ ನಮ್ಮ ರೂಟರಿನ ಕಡೆ ನೋಡಿದೆ, ಗಿರಿಜೆ ನೆಲ ನೋಡಿದಳು, ಬಾಗಿಲಲ್ಲಿದ್ದ ರಜಿಯಾ ಬೀ ಸೆರಗಿನಲ್ಲಿ ನಗು ಮುಚ್ಚಿದರು. ಇಷ್ಟು ದಿನ ಸಾಹೇಬರು ಹೊಗಳುತ್ತಿದ್ದದ್ದು ನಮ್ಮ ಪಡಸಾಲೆಯ ಯಂತ್ರವನ್ನು, ನಾನು ಹೊಗಳುತ್ತಿದ್ದದ್ದು ಅವರ ಅಟ್ಟದ್ದನ್ನು. ಹೆಪ್ಪಿಗೆ ಮೊಸರು ಕೊಟ್ಟು ತಂದಷ್ಟೇ ಸಹಜವಾಗಿ ಹೆಂಗಸರಿಬ್ಬರೂ ಪಾಸ್‌ವರ್ಡ್ ಕೊಟ್ಟು ತಂದುಕೊಂಡಿದ್ದರು.

ಮಹಾಶಯ ಪಡಸಾಲೆಗೆ ಮರಳಿದ್ದಾನೆ. ಊರಿಗೆ ಹೋಗುವಾಗ ಸಾಹೇಬರು ಈಗ ಮೇನ್ ಸ್ವಿಚ್ ತೆಗೆಯುವುದಿಲ್ಲ. ಅಟ್ಟದ ರೂಟರಿಗೆಂದು ಗಿರಿಜೆ ಹಸಿರು ದಾರದ ಕುಲಾವಿ ಹೆಣೆದಿದ್ದಾಳೆ. ಕೊಡುವ ಮೊದಲು ಅಕ್ಕನಿಗೆ ತೋರಿಸಬೇಕಲ್ಲ. ನಿನ್ನೆ ಮಧ್ಯಾಹ್ನ ನನ್ನನ್ನು ಬೆಳಕಿಂಡಿಯ ಕೆಳಗೆ ಕೂರಿಸಿ, ಅದನ್ನು ನನ್ನ ಬೋಳುತಲೆಗೆ ತೊಡಿಸಿ, ಫೋನು ಹಿಡಿದಳು. ಕಾರಟಗಿಯಲ್ಲಿ ಶಾಂತಕ್ಕ ಆ ಕ್ಷಣಕ್ಕೇ ನಕ್ಕರು.