ಗೋಡೆಯಿಲ್ಲದ ಬಾಗಿಲು

ವಿನ್ನಿಪೆಗ್ ಊರಿನ ನದಿಯಂಚಿನ ಪಾರ್ಕಿನಲ್ಲಿ, ಎಲ್ಮ್ ಮರಗಳ ನಡುವೆ, ಬೇಸಿಗೆ ಬಂತೆಂದರೆ ಒಂದು ಬಾಗಿಲು ಬಂದು ನಿಲ್ಲುತ್ತದೆ. ಬರೀ ಬಾಗಿಲು. ಚೌಕಟ್ಟು ಇದೆ, ಹಿತ್ತಾಳೆಯ ಹಿಡಿಕೆ ಇದೆ, ಅಲ್ಲಲ್ಲಿ ಹಪ್ಪಳದಂತೆ ಎದ್ದ ಹಸಿರು ಬಣ್ಣ ಇದೆ. ಗೋಡೆ ಮಾತ್ರ ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಯಾರೋ ಮನೆ ಕಟ್ಟಲು ಹೊರಟವರು ಬಾಗಿಲಿಟ್ಟ ಮೇಲೆ ಬೇಸರ ಬಂದು ಎದ್ದುಹೋದ ಹಾಗೆ. ಬಾಗಿಲಿನ ಆಚೆ ನಾಟಕದವರ ಡೇರೆ, ಹಲಗೆಯ ರಂಗ. ಈಚೆ ಉಳಿದ ಪ್ರಪಂಚ. ಹೀಗೆಂದು ಮನಸಾರೆ ನಂಬಿದವಳು ಆ ಊರಿನಲ್ಲಿ ಒಬ್ಬಳೇ, ಓಲ್ಯಾ ಹ್ರಿನ್‌ಚುಕ್. ಅವಳು ನಂಬಿದ ಮೇಲೆ ಉಳಿದವರಿಗೆ ನಂಬದೆ ಗತಿಯಿರಲಿಲ್ಲ.

ಓಲ್ಯಾ ಚಳಿಗಾಲದಲ್ಲಿ ಶಾಲೆಯ ಹಳದಿ ಬಸ್ಸು ಓಡಿಸುವವಳು. ಆ ಊರಿನ ಚಳಿಯಲ್ಲಿ ಮನುಷ್ಯನ ನೆರಳು ಕೂಡ ನೆಲಕ್ಕೆ ಹೆಪ್ಪುಗಟ್ಟಿ ಬಸ್ ಸ್ಟಾಪಿನಲ್ಲೇ ಉಳಿದುಬಿಡುತ್ತದೆ. ಮಂಜು ಕರಗಿದ ಮೇಲೆ ಬಂದು ಬಿಡಿಸಿಕೊಂಡು ಹೋಗಬೇಕು. ಅಂಥ ಬೆಳಗುಗಳಲ್ಲಿ ಒಂದು ಮಗುವನ್ನೂ ತಡಮಾಡಿಸದೆ ಶಾಲೆಗೆ ಮುಟ್ಟಿಸಿದ ಹೆಂಗಸು. ಮಕ್ಕಳೆಲ್ಲ ಇಳಿದ ಮೇಲೆ ಬಸ್ಸಿನ ಕೊನೆಯ ಸೀಟಿನವರೆಗೆ ನಡೆದು, ಯಾವುದಾದರೂ ಕೂಸು ನಿದ್ದೆಹೋಗಿ ಉಳಿದಿದೆಯೇ ಎಂದು ಬಗ್ಗಿ ನೋಡಿ, ಆಮೇಲೇ ಸನ್ನೆಕೋಲು ಎಳೆದು ಬಾಗಿಲು ಮುಚ್ಚುತ್ತಿದ್ದಳು. ಬಾಗಿಲು ತೆಗೆಯುವುದು, ಬಾಗಿಲು ಮುಚ್ಚುವುದು, ಯಾರೂ ಹಿಂದುಳಿಯದಂತೆ ನೋಡಿಕೊಳ್ಳುವುದು, ಇವಿಷ್ಟರಲ್ಲೇ ಅವಳ ತಲೆ ನರೆಯಿತು.

ಶಾಲೆಗೆ ರಜೆ ಬಿಟ್ಟ ಮರುದಿನವೇ ಪಾರ್ಕಿಗೆ ಹಾಜರ್. ಅಲ್ಲಿನ ಬೇಸಿಗೆ ನಾಟಕ ಮಂಡಳಿಗೆ ಅವಳೇ ಸ್ಟೇಜ್ ಮ್ಯಾನೇಜರ್. ರಾಜ ಯಾವಾಗ ಸಾಯಬೇಕು, ಚಂದ್ರ ಯಾವಾಗ ಹುಟ್ಟಬೇಕು, ಎಲ್ಲ ಅವಳ ಬೆರಳ ಸನ್ನೆಯಲ್ಲಿ. ಮಂಡಳಿಯವರೆಲ್ಲ ಹಗಲು ಬೇರೆ ಕೆಲಸ ಮಾಡುವವರು. ಸಂಜೆ ಏಳಕ್ಕೆ, ಇನ್ನೂ ನೆತ್ತಿಯ ಮೇಲೆ ಬಿಸಿಲಿರುವಾಗ, ಬಣ್ಣ ಹಚ್ಚಿಕೊಂಡು ಅರಸರಾಗುವವರು. ಜನ ಕಂಬಳಿ ಹಾಸಿ ಹುಲ್ಲಿನ ಮೇಲೆ ಕೂತು ನೋಡುತ್ತಿದ್ದರು. ಜನರಿಗಿಂತ ಮೊದಲು ಸೊಳ್ಳೆಗಳು ಬಂದು ಮುಂದಿನ ಸಾಲು ಹಿಡಿಯುತ್ತಿದ್ದವು. ಅಲ್ಲಿನ ಸೊಳ್ಳೆಯ ಗಾತ್ರ ಹೇಳಿದರೆ ನೀವು ನಂಬುವುದಿಲ್ಲ. ಒಮ್ಮೆ ಒಂದು ಸೊಳ್ಳೆ ಸೇನಾಪತಿಯ ಟೋಪಿಯನ್ನೇ ಹೊತ್ತುಕೊಂಡು ನದಿ ದಾಟಿತು. ಜನ ಅದೂ ನಾಟಕದ್ದೇ ಎಂದು ಚಪ್ಪಾಳೆ ತಟ್ಟಿದರು.

ಇನ್ನು ಆ ಬಾಗಿಲಿನ ಮಾತು. ರಂಗದ ಹಿಂದೆ ಯಾರೂ ಶಿಳ್ಳೆ ಹಾಕಬಾರದು ಎನ್ನುವುದು ಆ ಕಡೆಯ ನಾಟಕದವರ ಹಳೆಯ ಕಟ್ಟಳೆ. ಹಿಂದೆ ಪರದೆಯ ಹಗ್ಗ ಎಳೆಯುತ್ತಿದ್ದವರು ಹಡಗಿನ ಕೆಲಸದವರೇ ಅಂತೆ. ಅವರಿಗೆ ಶಿಳ್ಳೆಯೇ ಸನ್ನೆ. ಕೆಳಗೆ ಯಾವನೋ ಖುಷಿಗೆ ಶಿಳ್ಳೆ ಹಾಕಿದರೆ ಮೇಲಿಂದ ಹಗ್ಗಕ್ಕೆ ಕಟ್ಟಿದ ಮರಳಿನ ಮೂಟೆ ನೇರ ತಲೆಯ ಮೇಲೆ. ಹಡಗಿನವರು ಹೋದರು, ಕಟ್ಟಳೆ ಉಳಿಯಿತು. ಬಾಯಿತಪ್ಪಿ ಶಿಳ್ಳೆ ಹಾಕಿದವರು ಬಾಗಿಲಿನಿಂದ ಹೊರಗೆ ಹೋಗಬೇಕು, ನಿಂತಲ್ಲೇ ಮೂರು ಸುತ್ತು ತಿರುಗಬೇಕು, ಬಾಯಿಗೆ ಬಂದ ಒಂದು ಕೆಟ್ಟ ಬೈಗುಳ ಬೈಯಬೇಕು, ಬಾಗಿಲು ತಟ್ಟಬೇಕು. ಒಳಗಿದ್ದವರು ಬನ್ನಿ ಎಂದರೆ ಮಾತ್ರ ಒಳಗೆ. ಕಟ್ಟಡದಲ್ಲಿದ್ದಾಗ ಇದು ಸುಲಭ. ಪಾರ್ಕಿನ ಬಯಲಲ್ಲಿ ತಟ್ಟುವುದು ಏನನ್ನು?

ಅದಕ್ಕೇ ಸಿಗ್ಗಿ ಬ್ಯಾರ್ನಸನ್ ಈ ಬಾಗಿಲು ತಂದದ್ದು. ಸಿಗ್ಗಿ ಆ ಮಂಡಳಿಯ ಹಿರಿಯ ನಟ, ಹಗಲಲ್ಲಿ ಬೀಗ ರಿಪೇರಿಯವನು. ಅವನೂ ಓಲ್ಯಾಳೂ ಹರೆಯದಲ್ಲಿ ಮೊದಲ ಸಲ ರಂಗ ಹತ್ತಿದ ಹಳೆಯ ನಾಟಕಶಾಲೆಯನ್ನು ಕೆಡವುವಾಗ, ಅದರ ಹಿಂಬಾಗಿಲನ್ನು ಕಿತ್ತು, ಜಾರುಬಂಡಿಯಲ್ಲಿ ಕಟ್ಟಿ, ಹೆಪ್ಪುಗಟ್ಟಿದ ನದಿಯ ಮೇಲೆ ಒಬ್ಬನೇ ಎಳೆದುಕೊಂಡು ಬಂದಿದ್ದ. ದಾರಿಯಲ್ಲಿ ಎದುರಾದ ಪೊಲೀಸ್ ಏನಿದು ಎಂದು ಕೇಳಿದ್ದಕ್ಕೆ, "ಹೆಂಡ್ತಿ ಮನೆಯಿಂದ ಹೊರಗೆ ಹಾಕಿದ್ಲು ಸ್ವಾಮಿ, ಬಾಗಿಲು ಸಮೇತ ಬಂದ್ಬಿಟ್ಟೆ" ಅಂದನಂತೆ.

ಅಂಥ ಸಿಗ್ಗಿಯೇ ಎರಡು ಬೇಸಿಗೆಯ ಹಿಂದೆ ಬಾಗಿಲಿಗೆ ಅವಮಾನ ಮಾಡಿದ. ರಾಜನ ಉಡುಪು ತೊಡುತ್ತ ಮೈಮರೆತು ಶಿಳ್ಳೆ ಹಾಕಿದ. ಎಲ್ಲರೂ ನಕ್ಕರು. ಓಲ್ಯಾ ಬೆರಳು ತೋರಿಸಿದಳು. ಅವನು ಬಾಗಿಲು ತೆಗೆದು ಹೊರಗೆ ಹೋದ, ಸ್ವಲ್ಪ ಹೊತ್ತು ನಿಂತ. ಆಮೇಲೆ ತಿರುಗಲಿಲ್ಲ, ತಟ್ಟಲಿಲ್ಲ. ಚೌಕಟ್ಟಿನ ಪಕ್ಕದಿಂದ, ಗೋಡೆ ಇರಬೇಕಾದ ಜಾಗದಿಂದಲೇ ಆರಾಮಾಗಿ ನಡೆದು ಒಳಗೆ ಬಂದುಬಿಟ್ಟ.

"ಏನೋ ಇದು?" ಅಂದಳು ಓಲ್ಯಾ.

"ಗೋಡೆ ಎಲ್ಲಿದೆ ತೋರ್ಸು, ಸುತ್ತಿ ಬರ್ತೀನಿ. ಇದೊಳ್ಳೆ ಹುಡುಗಾಟ ಆಯ್ತಲ್ಲ ಮಾರಾಯ್ತಿ."

ಆ ಸಂಜೆಯೇ ಬಿರುಗಾಳಿ ಬಂದು ಡೇರೆ ಹಾರಿ ನದಿಗೆ ಬಿತ್ತು. ಡೇರೆ ಎಷ್ಟು ದೂರ ಹೋಯಿತೆಂದರೆ ಮುಂದಿನ ಊರಿನವರು ಅದನ್ನು ಚರ್ಚೆಂದು ತಿಳಿದು ಒಳಗೆ ಹೋಗಿ ಪ್ರಾರ್ಥನೆ ಮಾಡಿದರು. ನೆನೆದು ತೊಪ್ಪೆಯಾದ ಮಂಡಳಿಯವರ ಎದುರಿಗೇ ಓಲ್ಯಾ ಹೇಳಿದಳು: "ನಿನ್ನಿಂದ ಆಗಿದ್ದು ಇದು. ಆ ಬಾಗಿಲು ತಟ್ಟಿ ಬರೋವರೆಗೂ ನೀನು ಹೊರಗಿನವ್ನು."

"ಸರಿ, ಹೊರಗಿನವ್ನೇ" ಎಂದು ಸಿಗ್ಗಿ ಹೊರಟುಹೋದ.

ಹೊರಟುಹೋದ ಎಂದರೆ ಎಲ್ಲಿಗೆ? ಮರುದಿನ ಒಂದು ಮಡಚುವ ಕುರ್ಚಿ ತಂದು, ಬಾಗಿಲಿನ ಈಚೆ ಎಲ್ಮ್ ಮರದ ಬುಡದಲ್ಲಿ ಹಾಕಿ ಕೂತ. ಅಲ್ಲಿಂದ ನಾಟಕ ಕಾಣುವುದಿಲ್ಲ. ಮತ್ತೆ ಕಟ್ಟಿದ ಡೇರೆಯ ಬೆನ್ನು ಕಾಣುತ್ತದೆ, ಮಾತು ಕೇಳುತ್ತದೆ. ಎರಡು ಬೇಸಿಗೆ ಒಂದು ಆಟವನ್ನೂ ಬಿಡದೆ ಹಾಗೇ ಕೂತ. ಒಂದು ಹೆಜ್ಜೆ ಸುತ್ತಿ ಒಳಗೆ ಬರಲೂ ಇಲ್ಲ, ಬಾಗಿಲು ತಟ್ಟಲೂ ಇಲ್ಲ. ಓಲ್ಯಾ ದಿನಾ ಅವನನ್ನು ನೋಡುತ್ತಿದ್ದಳು, ನೋಡದವಳಂತೆ ಇರುತ್ತಿದ್ದಳು. ಮನೆಯಲ್ಲಿ ಆಲೂಗಡ್ಡೆ ತುಂಬಿದ ಕಡುಬು ಬೇಯಿಸುವಾಗ ಹಿಂದೆ ಆಟದ ದಿನ ಅವನಿಗೂ ಕಟ್ಟಿ ತರುತ್ತಿದ್ದ ಅಭ್ಯಾಸಬಲದಿಂದ ಅವನ ಪಾಲಿನದ್ದು ಹೆಚ್ಚಾಗಿಯೇ ಆಗುತ್ತಿತ್ತು. ಅದನ್ನು ತಾನೇ ತಿಂದು, ಮೈ ಬಂದದ್ದಕ್ಕೂ ಅವನನ್ನೇ ಬೈಯುತ್ತಿದ್ದಳು. ಬಾ ಎಂದು ಒಂದು ಮಾತು ಹೇಳಿದರೆ ಸಾಕಿತ್ತು. ಆದರೆ ಹೇಳಿದರೆ ಬಾಗಿಲು ಬರೀ ಹಲಗೆಯಾಗುತ್ತದೆ, ಮೂವತ್ತು ಬೇಸಿಗೆ ತಾನು ಕಾದದ್ದು ಹಲಗೆಯನ್ನೇ ಎಂದಾಗುತ್ತದೆ.

ಈ ಬೇಸಿಗೆಯ ಮೊದಲ ಆಟದ ದಿನ ರಾಣಿಯ ಪಾತ್ರದ ಕೊರಸೋನ್ ನೇರವಾಗಿ ಕೇಳಿಯೇಬಿಟ್ಟಳು. ಕೊರಸೋನ್ ಫಿಲಿಪೀನ್ಸಿನಿಂದ ಬಂದು ನೆಲೆಸಿದ ಮನೆಯವಳು, ಹಲ್ಲಿನ ಡಾಕ್ಟರ ಹತ್ತಿರ ನರ್ಸು. ಅವರ ಮಾತಿನಲ್ಲಿ ಅತ್ತೆ ಚಿಕ್ಕಮ್ಮಂದಿರಿಗೆಲ್ಲ ತೀತಾ ಅನ್ನುತ್ತಾರೆ. ಓಲ್ಯಾಳೂ ಅವಳಿಗೆ ತೀತಾ.

"ತೀತಾ, ಆ ಅಜ್ಜನ್ನ ಕರೀಬಾರ್ದಾ? ಕಳೆದ ವರ್ಷಕ್ಕಿಂತ ಸೊರಗಿದಾರೆ."

"ಕೈ ಇದೆಯಲ್ಲ, ತಟ್ಟಲಿ."

"ನೀವಿಬ್ರೂ ಒಳ್ಳೆ ಕೊಳೆತ ಹಲ್ಲಿನ ಹಾಗೆ. ನೋವಿದ್ರೂ ಬಾಯಿ ಬಿಡಲ್ಲ."

"ನಿನ್ನ ಕಿರೀಟ ಸೊಟ್ಟಗಿದೆ, ಸರಿ ಮಾಡ್ಕೋ" ಅಂದಳು ಓಲ್ಯಾ.

ಆಟ ಶುರುವಾಯಿತು. ಎರಡನೆಯ ಅಂಕದ ಹೊತ್ತಿಗೆ ನದಿಯ ಕಡೆಯಿಂದ ಗಾಳಿ ಎದ್ದಿತು. ರಂಗದ ಮೇಲೆ ಹಗ್ಗಕ್ಕೆ ತೂಗಿದ್ದ ಮರದ ಚಂದ್ರ, ಬಂಡಿಯ ಗಾಲಿಯಷ್ಟು ದೊಡ್ಡದು, ಓಲಾಡತೊಡಗಿತು. ಕೆಳಗೆ ರಾಣಿ ಒಬ್ಬಳೇ ನಿಂತು ಸತ್ತ ಮಗನಿಗಾಗಿ ಅಳುತ್ತಿದ್ದಾಳೆ, ಮುಂದಿನ ಸಾಲಿನಲ್ಲಿ ಸೊಳ್ಳೆಗಳೂ ಕಣ್ಣೊರೆಸಿಕೊಳ್ಳುತ್ತಿವೆ. ಓಲ್ಯಾ ಪಕ್ಕದಿಂದ ನೋಡುತ್ತಾಳೆ: ಹಗ್ಗದ ಗಂಟು ಬಿಚ್ಚಿಕೊಳ್ಳುತ್ತಿದೆ. ಕೂಗಿದಳು. ಗಾಳಿಯಲ್ಲಿ ಕೂಗು ಕೇಳಿಸಲಿಲ್ಲ. ಆಗ ಅವಳ ಎರಡು ಬೆರಳು ಅವಳನ್ನು ಕೇಳದೆಯೇ ಬಾಯಿಗೆ ಹೋದವು. ರಸ್ತೆಗೆ ಓಡುವ ಮಕ್ಕಳನ್ನು ನಿಲ್ಲಿಸಲು ಹಾಕುತ್ತಿದ್ದ ಶಿಳ್ಳೆ ಅದು. ನದಿಯಾಚೆಯ ನಾಯಿಗಳೆಲ್ಲ ನಿಂತಲ್ಲೇ ಕೂತವು, ಸೇತುವೆಯ ಮೇಲೆ ಕಾರುಗಳು ಬ್ರೇಕ್ ಹಾಕಿದವು. ಕೊರಸೋನ್ ಅಳು ಬಿಟ್ಟು ಒಂದೇ ನೆಗೆತಕ್ಕೆ ಪಕ್ಕಕ್ಕೆ ಹಾರಿದಳು. ಅವಳು ನಿಂತಿದ್ದ ಜಾಗದಲ್ಲಿ ಚಂದ್ರ ಧೊಪ್ಪನೆ ಬಿದ್ದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೊರಸೋನ್ ಗಟ್ಟಿಗಿತ್ತಿ; ಬಿದ್ದ ಚಂದ್ರನನ್ನೇ ತಬ್ಬಿಕೊಂಡು ಉಳಿದ ಅಳುವನ್ನು ಮುಗಿಸಿದಳು.

ಓಲ್ಯಾ ಮಾತ್ರ ಬೆರಳನ್ನು ಬಾಯಿಂದ ತೆಗೆದು, ಯಾರದೋ ಬೆರಳು ಎಂಬಂತೆ ನೋಡಿಕೊಂಡಳು. ಯಾರೂ ಬೆರಳು ತೋರಿಸಬೇಕಾಗಿರಲಿಲ್ಲ. ಹಸಿರು ಬಾಗಿಲು ತೆಗೆದು ಹೊರಗೆ ಹೋದಳು, ಎಳೆದುಕೊಂಡಳು.

ಮರದ ಬುಡದಲ್ಲಿ ಸಿಗ್ಗಿ ಕುರ್ಚಿಯಿಂದ ಮುಂದಕ್ಕೆ ಬಾಗಿ ಕೂತಿದ್ದ.

"ಯಾರಿಗಾದ್ರೂ ಏಟಾಯ್ತಾ?"

"ಇಲ್ಲ. ಚಂದ್ರನಿಗೆ ಸ್ವಲ್ಪ."

"ಶಿಳ್ಳೆ ಹಾಕಿದ್ದು ಯಾರು?"

"ಕಿವಿ ಇದೆಯಲ್ಲ ನಿಂಗೆ."

ಸಿಗ್ಗಿ ನಗಲಿಲ್ಲ. ಅದೇ ಅವಳಿಗೆ ಆಶ್ಚರ್ಯ. ಅವಳು ನಿಂತಲ್ಲೇ ಮೂರು ಸುತ್ತು ತಿರುಗಿದಳು. ಉಕ್ರೇನಿನ ಅಜ್ಜಿಯಿಂದ ಕಲಿತ ಒಂದು ಬೈಗುಳ ಬೈದಳು, ಎಲ್ಮ್ ಮರದ ನಾಲ್ಕೆಂಟು ಎಲೆ ಉದುರಿದವು. ಬಾಗಿಲು ತಟ್ಟಿದಳು. ಉತ್ತರವಿಲ್ಲ. ಎಲ್ಲರೂ ರಂಗದ ಮೇಲಿದ್ದಾರೆ, ಚಂದ್ರನನ್ನು ಎತ್ತುತ್ತಿದ್ದಾರೆ. ಮತ್ತೆ ತಟ್ಟಿದಳು.

"ಪಕ್ಕದಿಂದ ಹೋಗು ಮಾರಾಯ್ತಿ" ಅಂದ ಸಿಗ್ಗಿ. ಕುಹಕವಿರಲಿಲ್ಲ ದನಿಯಲ್ಲಿ. "ನಿನ್ನ ಕೆಲಸ ಒಳಗಿದೆ."

"ನಿನ್ನ ಹಾಗಾ?"

ಅವಳು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಎರಡು ಬೇಸಿಗೆಯಲ್ಲಿ ಇಬ್ಬರೂ ಬಾಗಿಲಿನ ಒಂದೇ ಕಡೆಗೆ ನಿಂತದ್ದು ಅದೇ ಮೊದಲು.

"ಸಿಗ್ಗಿ, ಈ ಬಾಗಿಲು ಮಂಜಿನ ಮೇಲೆ ಎಳೆದು ತಂದವ್ನು ನೀನು. ನೀನೇ ಯಾಕೆ ಹಾಗ್ ಮಾಡ್ದೆ?"

ಅವನು ತನ್ನ ಬೂಟಿನ ತುದಿ ನೋಡುತ್ತ ಹೇಳಿದ.

"ತಿರುಗಕ್ಕಾಗಲ್ಲ ನಂಗೆ."

"ಅಂದ್ರೆ?"

"ಕಿವಿಯೊಳಗೆ ಏನೋ ಆಗಿದೆ ಅಂತಾರೆ ಡಾಕ್ಟ್ರು. ಅರ್ಧ ಸುತ್ತಿಗೇ ಭೂಮಿ ಮೇಲೆ ಕೆಳಗೆ. ಅವತ್ತು ಇಲ್ಲಿ ನಿಂತು ಪ್ರಯತ್ನ ಪಟ್ಟೆ. ಚೌಕಟ್ಟು ಹಿಡ್ಕೊಂಡು ಬಿಟ್ಟೆ. ಮೂರು ಸುತ್ತಿದ್ರೆ ರಾಜನ ಉಡುಪಲ್ಲೇ ಅಂಗಾತ ಬೀಳ್ತಿದ್ದೆ."

"ಬಾಯಲ್ಲಿ ಹೇಳಕ್ಕಾಗ್ಲಿಲ್ವಾ?"

"ಹೇಳಿದ್ರೆ ಏಣಿ ಹತ್ತೋ ಪಾತ್ರ ಕೊಡ್ತಿದ್ದೆಯಾ?"

ಓಲ್ಯಾ ಯೋಚಿಸಿದಳು. ಸುಳ್ಳು ಹೇಳುವ ಅಭ್ಯಾಸ ಅವಳಿಗಿರಲಿಲ್ಲ. "ಕೊಡ್ತಿರ್ಲಿಲ್ಲ."

"ಮತ್ತೆ? ನಿಲ್ಲಕ್ಕಾಗದ ನಟ ಅನ್ನಿಸ್ಕೊಳೋದಕ್ಕಿಂತ ಸೊಕ್ಕಿನ ಮುದುಕ ಅನ್ನಿಸ್ಕೊಳೋದೇ ವಾಸಿ ಅನ್ನಿಸ್ತು. ಆಮೇಲೆ ಡೇರೆ ಹಾರ್ತು. ನೀನು ಎಲ್ರ ಎದುರಿಗೆ ಅಂದೆ. ನಂಗೂ, ನಿಜವಾಗ್ಲೂ ನನ್ನಿಂದ್ಲೇ ಹಾರ್ತೇನೋ ಅನ್ನಿಸ್ತು."

ಡೇರೆಯ ಆಚೆ ಜನ ನಕ್ಕ ಸದ್ದು ಬಂತು. ವಿದೂಷಕನ ದೃಶ್ಯ ಶುರುವಾಗಿತ್ತು. ಓಲ್ಯಾಗೆ ಆ ಸಂಜೆ ನೆನಪಾಯಿತು. ಚೌಕಟ್ಟಿನ ಮೇಲೆ ಅವನ ಕೈ ಬಿಗಿದಿದ್ದನ್ನು ಅವಳು ಕಂಡಿದ್ದಳು; ಸೋಮಾರಿಯಂತೆ ಒರಗಿದ್ದಾನೆ ಎಂದುಕೊಂಡಿದ್ದಳು. ಕೊನೆಯ ಸೀಟಿನವರೆಗೆ ನಡೆದು ನೋಡುವ ಹೆಂಗಸು ಅವತ್ತು ಅಷ್ಟು ದೂರ ನಡೆದಿರಲಿಲ್ಲ.

"ಏಳು" ಅಂದಳು.

"ಆಗಲ್ಲ ಅಂದ್ನಲ್ಲ."

"ನೀನು ತಿರುಗ್ಬೇಡ. ಸುಮ್ನೆ ನಿಂತ್ಕೋ. ನಾನು ತಿರುಗ್ತೀನಿ."

ಸಿಗ್ಗಿ ಬಾಗಿಲ ಮುಂದೆ ಬಂದು ನೆಟ್ಟಗೆ ನಿಂತ. ಓಲ್ಯಾ ಅವನ ಸುತ್ತ ನಡೆಯತೊಡಗಿದಳು, ಹರಕೆ ಹೊತ್ತವಳು ಅರಳಿಮರ ಸುತ್ತುವ ಹಾಗೆ, ಆದರೆ ಅಷ್ಟು ಭಕ್ತಿ ಇಲ್ಲದೆ.

"ಇದು ನಡೆಯುತ್ತಾ?" ಅವನು ಕೇಳಿದ. "ಕಟ್ಟಳೆ ಪ್ರಕಾರ?"

"ನೀನು ಸುತ್ತಿದ್ರೂ ಪ್ರಪಂಚ ನಿನ್ನ ಸುತ್ತ ತಿರುಗಿದ ಹಾಗೇ ಕಾಣ್ಸೋದು. ಪ್ರಪಂಚದ ಕೆಲಸ ನಾನು ಮಾಡ್ತಿದೀನಿ. ಬಾಯ್ಮುಚ್ಚು."

"ಪ್ರಪಂಚ ಸ್ವಲ್ಪ ದಪ್ಪ ಆಗಿದೆ."

"ನಿನ್ನ ಪಾಲಿನ ಕಡುಬು ತಿಂದು."

ಮೂರು ಸುತ್ತು ಮುಗಿಯಿತು. ಸಿಗ್ಗಿ ಐಸ್‌ಲ್ಯಾಂಡಿನ ತನ್ನ ಮುತ್ತಾತನ ಕಾಲದ ಬೈಗುಳ ಹುಡುಕಿ ತೆಗೆದ. ಅದು ಎಷ್ಟು ಉದ್ದವಿತ್ತೆಂದರೆ ನಡುವೆ ಎರಡು ಸಲ ಉಸಿರೆಳೆದುಕೊಳ್ಳಬೇಕಾಯಿತು. ಆ ಸಂಜೆಯ ಮಟ್ಟಿಗೆ ಪಾರ್ಕಿನ ಸೊಳ್ಳೆಗಳೆಲ್ಲ ಬೇರೆ ಊರಿಗೆ ಹೋದವು. ಆಮೇಲೆ ಕೈ ಎತ್ತಿದ. ತಟ್ಟಿದ.

ಒಳಗೆ ಓಡಿಬರುವ ಹೆಜ್ಜೆ ಸದ್ದಾಯಿತು.

"ಯಾರದು?" ಕೊರಸೋನ್ ದನಿ.

"ಸಿಗ್ಗಿ ಬ್ಯಾರ್ನಸನ್, ಶಿಳ್ಳೆ ಹಾಕಿದವ್ನು. ಒಳಗೆ ಬರಲಾ?"

ಬಾಗಿಲು ತೆರೆಯಿತು. ರಾಣಿ, ಕಿರೀಟ ಮತ್ತೆ ಸೊಟ್ಟಗೆ, ಕೆನ್ನೆಯ ಬಣ್ಣ ಕರಗಿ ಗದ್ದಕ್ಕಿಳಿದಿತ್ತು. ಅದು ಸತ್ತ ರಾಜಕುಮಾರನಿಗಾಗಿ ಅತ್ತದ್ದೋ ಈಗ ಅತ್ತದ್ದೋ ಅವಳೇ ಹೇಳಬೇಕು.

"ಬನ್ನಿ ಅಜ್ಜಾ, ಬೇಗ ಬನ್ನಿ. ಚಂದ್ರನ ಹಗ್ಗ ಹಿಡ್ಕೊಳೋಕೆ ಯಾರೂ ಇಲ್ಲ."

"ಕೂತ್ಕೊಂಡು ಹಿಡೀಬಹುದಾ?"

"ಕುರ್ಚಿ ಹಾಕ್ಕೊಡ್ತೀನಿ" ಅಂದಳು ಓಲ್ಯಾ ಹಿಂದಿನಿಂದ. "ಗಂಟು ಮಾತ್ರ ನಾನು ಹಾಕೋದು."

ಸಿಗ್ಗಿ ಹೊಸ್ತಿಲು ದಾಟಿದ. ದಾಟುವಾಗ ಹಿತ್ತಾಳೆಯ ಹಿಡಿಕೆಯನ್ನು ಒಮ್ಮೆ ಒತ್ತಿ ನೋಡಿ, "ಎಣ್ಣೆ ಬಿಟ್ಟು ಎಷ್ಟು ದಿನ ಆಯ್ತು ಇದಕ್ಕೆ?" ಎಂದು ಗೊಣಗಿದ. ಓಲ್ಯಾ ತನ್ನ ಸರದಿಗೆ ಬಾಗಿಲು ತಟ್ಟಿದಳು, ಅದು ತೆರೆದೇ ಇದ್ದರೂ. ರಾಣಿ ಬನ್ನಿ ಅಂದಳು.

ಒಳಗೆ ಕಾಲಿಟ್ಟವಳು ಅಭ್ಯಾಸದಂತೆ ತಿರುಗಿ, ಹೊರಗೆ ಯಾರಾದರೂ ಉಳಿದಿದ್ದಾರೆಯೇ ಎಂದು ಎಲ್ಮ್ ಮರದ ಬುಡದವರೆಗೂ ನೋಡಿದಳು. ಖಾಲಿ ಕುರ್ಚಿ ಗಾಳಿಗೆ ತಾನೇ ಮಡಚಿಕೊಂಡು ಹುಲ್ಲಿನ ಮೇಲೆ ಮಲಗಿತು. ಆಗ ಅವಳು ಬಾಗಿಲು ಮುಚ್ಚಿದಳು.