ಹಿಂದೆ ನಿಂತು ಆಡುವವಳ ಮಾರ್ಕ್ಸು

ನಳದ ನೀರು ಬಂತು, ಹಂಡೆ ಕೊಡ ಎಲ್ಲ ತುಂಬಿಸಿದೆ. ಜೋಳ ಹಸನು ಮಾಡಿ ಗಿರಣಿಗೆ ಕಳಿಸಿದೆ. ಹುರಿದ ಶೇಂಗಾದ ಸಿಪ್ಪೆ ತೆಗೆದು ಚಟ್ನಿ ಕುಟ್ಟಿದೆ. ಯಜಮಾನರ ಅಂಗಿಗೆ ಗುಂಡಿ ಹಚ್ಚಿದೆ. ಮಗಳ ಕೆಸರು ಮೆತ್ತಿದ ಸಾಕ್ಸು ಬೇರೆ ಬಕೆಟ್ಟಿನಲ್ಲಿ ನೆನೆಹಾಕಿ, ತಿಕ್ಕಿ, ಹಿತ್ತಲ ತಂತಿಯ ಮೇಲೆ ಒಣಹಾಕಿದೆ. ಇಷ್ಟೆಲ್ಲ ಮಾಡುವಾಗಲೂ ಕಿವಿ ಮಾತ್ರ ಕಪಾಟಿನ ಮೇಲಿದ್ದ ಫೋನಿನ ಕಡೆಗೇ ಇತ್ತು. ಮಗಳ ಎರಡನೆಯ ಮಾರ್ಕ್ಸು ಆ ದಿನ ಬರುವುದಿತ್ತು.

ಪರೀಕ್ಷೆಯ ಮಾರ್ಕ್ಸಲ್ಲ, ಫುಟ್‌ಬಾಲಿನದು. ಆಗ ನಾವು ರಾಯಬಾಗದಲ್ಲಿದ್ದೆವು. ಮನೆಗೆ ಸ್ಮಾರ್ಟ್‌ಫೋನ್ ಬಂದ ಹೊಸತು. ಮಗಳು ಕಾಲೇಜು ತಂಡದಲ್ಲಿ ಡಿಫೆನ್ಸ್ ಆಡುತ್ತಿದ್ದಳು. ಗೋಲು ಹೊಡೆಯುವುದು ಅವಳ ಕೆಲಸವಲ್ಲ, ಹೊಡೆಯಲು ಬಂದವರನ್ನು ತಡೆಯುವುದು. ದೂರದ ಒಂದು ಕ್ರೀಡಾ ಹಾಸ್ಟೆಲ್ಲಿನವರು ಹುಡುಗಿಯರನ್ನು ಆಯ್ಕೆ ಶಿಬಿರಕ್ಕೆ ಕರೆಯುವವರಿದ್ದರು. ಅದಕ್ಕೆ ಮೊದಲು ಒಂದು ಪಂದ್ಯದ ವಿಡಿಯೊ ಕಳಿಸಬೇಕು. ಹೊರಗಿನ ಒಂದು ಕಂಪನಿ ಅದನ್ನು ನೋಡಿ, ಯಾರು ಎಷ್ಟು ಸಲ ಚೆಂಡು ಕಸಿದರು, ಎಷ್ಟು ಸಲ ಸರಿಯಾಗಿ ದಾಟಿಸಿದರು ಎಂದು ಎಣಿಸಿ, ಹತ್ತಕ್ಕೆ ಇಷ್ಟು ಎಂದು ಮಾರ್ಕ್ಸು ಹಾಕುತ್ತದೆ. ಆರು ಬಂದರೆ ಶಿಬಿರ, ಬರದಿದ್ದರೆ ಇಲ್ಲ.

ಯಜಮಾನರಿಗೆ ಈ ಪದ್ಧತಿ ಬಹಳ ಹಿಡಿಸಿತ್ತು. “ಇಲ್ಲಿ ವಶೀಲಿ ನಡೆಂಗಿಲ್ಲ. ಅವ್ರಿಗೆ ನಮ್ಮ ಊರೂ ಗೊತ್ತಿಲ್ಲ, ಅಡ್ಡಹೆಸರೂ ಗೊತ್ತಿಲ್ಲ” ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು.

ಮೊದಲು ಹೋದದ್ದು ಚಿಕ್ಕೋಡಿಯಲ್ಲಿ ಆಡಿದ ಪಂದ್ಯದ ವಿಡಿಯೊ. ಬಂದ ಮಾರ್ಕ್ಸು ನಾಲ್ಕು. “ಅವ್ರಿಗೇನ ಕಣ್ಣ ಅದಾವೋ ಇಲ್ಲೋ” ಎಂದು ಯಜಮಾನರು ಅರ್ಧ ರೊಟ್ಟಿಗೇ ಎದ್ದರು. ಮಗಳು ಅಳಲೂ ಇಲ್ಲ, ಬೈಯಲೂ ಇಲ್ಲ. ಪೆನ್‌ಡ್ರೈವನ್ನು ಟಿವಿಗೆ ಹಚ್ಚಿ ಚಾಪೆಯ ಮೇಲೆ ಕೂತಳು. ಅಥಣಿ ಕಡೆ ದ್ರಾಕ್ಷಿ ತೋಟ ಮಾಡುವ ನನ್ನ ಮೈದುನ ಅಂದು ಬಂದಿದ್ದ. ಎಲ್ಲರೂ ಕೂಡಿ ನೋಡಿದೆವು.

ಚಿತ್ರ ತೆಗೆದವರು ಮದುವೆಯ ವಿಡಿಯೊ ಮಾಡುವವರು. ಚೆಂಡು ಎದುರಿನವರ ಗೋಲಿನತ್ತ ಹೋದಾಗ ಕ್ಯಾಮೆರಾ ಅದರ ಬೆನ್ನಿಗೇ ಇರುತ್ತಿತ್ತು. ನಮ್ಮ ಗೋಲಿನತ್ತ ಬಂತೆಂದರೆ ಸಾಕು, ವೇದಿಕೆಯ ಅತಿಥಿಗಳು, ಅವರ ಕೊರಳಿನ ಹಾರ, ಚಹಾ ಊದಿ ಕುಡಿಯುವ ಮಾಸ್ತರರು. ಒಬ್ಬರು ಬಾಳೆಹಣ್ಣು ಸುಲಿದು ತಿಂದು ಮುಗಿಸಿದ್ದೂ ಅದರಲ್ಲಿತ್ತು.

“ವೈನಿ, ನಮ್ಮ ಹುಡುಗಿ ಎಲ್ಲಿ ಅದಾಳ್ರಿ? ನಾ ಇನ್ನ ಅಕ್ಕಿಕಾಳ ಯಾವಾಗ ಒಗೀಬೇಕಂತ ಕಾಯಾಕತ್ತೇನಿ” ಎಂದ ಮೈದುನ.

ಮಗಳಿಗೂ ನಗು ಬಂತು. “ಅಪ್ಪಾ, ಅವ್ರು ಕಂಡಿದ್ದಕ್ಕ ಮಾರ್ಕ್ಸ ಹಾಕ್ಯಾರ. ನಾ ಕಂಡೇ ಇಲ್ಲ. ನಾಲ್ಕ ಕೊಟ್ಟಿದ್ದ ಹೆಚ್ಚಾತು.”

“ನಮ್ಮ ವ್ಯಾಪಾರಿನೂ ಹಂಗ” ಎಂದ ಮೈದುನ. “ಒಂದ ಹನಿ ರಸ ಗಾಜಿನ ಮ್ಯಾಲ ಹಿಂಡಿ, ಬಿಸಲಿಗೆ ಹಿಡಿದು ಸಕ್ಕರಿ ಎಷ್ಟೈತಿ ಅಂತ ನೋಡ್ತಾನ. ಅದ್ರಾಗ ಮೋಸ ಇಲ್ಲ. ಆದ್ರ ಎಲಿ ನೆಳ್ಳಾಗಿನ ಗೊನಿ ಹರದಾ ಅಂದ್ರ, ನನ್ನ ತ್ವಾಟನ ಹುಳಿ ಅಂತಾನ.”

ವಿಡಿಯೊದವರನ್ನು ಮನೆಗೆ ಕರೆದು, ಚಹಾ ಕೊಟ್ಟು ಕೇಳಿದೆ. ಅವರು ಸ್ವಲ್ಪವೂ ಅಳುಕದೆ ಹೇಳಿದರು: “ಅಕ್ಕಾರ, ನಮ್ಮ ಗೋಲಿಗೆ ಚೆಂಡ ಬಂದ್ರ ನಮ್ಮ ಹುಡುಗ್ಯಾರು ಸಂಕಟದಾಗ ಇರ್ತಾರ್ರಿ. ಮದುವ್ಯಾಗ ಬೀಗರು ಜಗಳಾ ತಗದ್ರ ತೋರಸ್ತೇವೇನ್ರಿ? ಹೂವಿನ ಕಡಿ ತಿರಗಸ್ತೇವಿ.”

“ಮಾಮಾ, ನನ್ನ ಕೆಲಸ ಇರೂದ ಆ ಸಂಕಟದಾಗ್ರಿ” ಎಂದಳು ಮಗಳು.

ಕಾಲೇಜಿನ ಕೋಚ್ ಸರ್ ಹಾಸ್ಟೆಲ್ಲಿನವರನ್ನು ಕೇಳಿಕೊಂಡು ಇನ್ನೊಂದು ಪಂದ್ಯ ಕಳಿಸಲು ಒಪ್ಪಿಗೆ ಪಡೆದರು. ಅದು ನಿಪ್ಪಾಣಿಯಲ್ಲಿ. ನಾನೂ ಬಸ್ಸಿನಲ್ಲಿ ಹೋದೆ. ಮೈದಾನಕ್ಕೆ ಹತ್ತಿಕೊಂಡಿದ್ದ ಶಾಲೆಯ ಮಾಳಿಗೆಯ ಮೇಲೆ ಕ್ಯಾಮೆರಾ ನಿಲ್ಲಿಸಿ, ಮೈದಾನ ಪೂರ್ತಿ ಕಾಣಬೇಕು, ಅತ್ತಿತ್ತ ತಿರುಗಿಸಬಾರದು ಎಂದು ಮಗಳು ವಿಡಿಯೊದವರಿಗೆ ಹೇಳಿದ್ದಳು. “ಇದೇನ ಶೂಟಿಂಗ್ರಿ, ಬ್ಯಾಂಕಿನ ಕಳ್ಳನ್ನ ಹಿಡಿಯೂ ಕ್ಯಾಮೆರಾ ಆತು” ಎಂದು ಅವರು ಗೊಣಗಿದರೂ ಮುಗಿಯುವ ತನಕ ಬಿಸಿಲಿಗೆ ನಿಂತರು.

ಅಂದು ನನಗೆ ಬೇರೆ ಹೆದರಿಕೆ. ಎದುರಿನ ತಂಡದಲ್ಲಿ ಜಿಂಕೆಯಂತೆ ಓಡುವ ಒಬ್ಬಳಿದ್ದಳು. ಮೊದಲು ಒಂದೆರಡು ಸಲ ಮಗಳ ಕಡೆಯಿಂದಲೇ ನುಗ್ಗಿ ಬಂದಳು, ಮಗಳು ಚೆಂಡು ಕಸಿದಳು. ಆಮೇಲೆ ಆ ಹುಡುಗಿ ಇತ್ತ ಬರುವುದನ್ನೇ ಬಿಟ್ಟು ಆಚೆ ಬದಿಗೆ ಹೋದಳು. ಮಗಳು ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಸರಿಯುತ್ತ, ಕೈ ಎತ್ತಿ ಉಳಿದವರಿಗೆ ಜಾಗ ತೋರಿಸುತ್ತ ನಿಂತಿದ್ದಳು. ಅವಳು ನಿಂತಲ್ಲಿಗೆ ಚೆಂಡೇ ಬರಲಿಲ್ಲ. ಬಾರದ ಚೆಂಡನ್ನು ಹೇಗೆ ಎಣಿಸುತ್ತಾರೆ ಎಂಬ ಚಿಂತೆ ದಾರಿಯುದ್ದಕ್ಕೂ ನನ್ನ ಜೊತೆ ಬಂತು.

ಫೋನಿಗೆ ಕಿವಿಗೊಟ್ಟು ಮನೆಗೆಲಸ ಮಾಡಿದ ಆ ದಿನ, ಮಾರ್ಕ್ಸು ಸಂಜೆ ಬಂತು. ಆರಕ್ಕಿಂತ ಕೂದಲೆಳೆಯಷ್ಟು ಹೆಚ್ಚು.

“ಇಷ್ಟ ಏನು?” ಎಂದರು ಯಜಮಾನರು. ಎಂಟಕ್ಕೆ ಕಡಿಮೆ ಇಲ್ಲ ಎಂದು ಅವರು ಮನಸ್ಸಿನಲ್ಲೇ ಹಾಕಿಕೊಂಡಿದ್ದರು.

“ಸಾಕಲ್ಲಪಾ, ಶಿಬಿರಕ್ಕ ಕರೀತಾರ. ಬಂದ ಚೆಂಡಿಗೆ ಬರೋಬ್ಬರಿ ಹಾಕ್ಯಾರ” ಎಂದು ಮಗಳು ಫೋನನ್ನು ಮೇಲೆ ಕೆಳಗೆ ಸರಿಸಿ ನೋಡುತ್ತಿದ್ದಳು. ಅಂಕಿಗಳೆಲ್ಲ ಮುಗಿದ ಮೇಲೆ ಕೆಳಗೊಂದು ಸಾಲು ಇಂಗ್ಲಿಷಿನಲ್ಲಿತ್ತು. ಅವಳೇ ಕನ್ನಡ ಮಾಡಿ ಹೇಳಿದಳು: ಎದುರಾಳಿಗಳು ಈ ಆಟಗಾರ್ತಿ ಇರುವ ಬದಿಯಿಂದ ದಾಳಿ ಮಾಡುವುದನ್ನು ಬಿಟ್ಟರು, ಅಂಕದಲ್ಲಿ ಇದು ಸೇರಿಲ್ಲ.

ಯಜಮಾನರು ಅದನ್ನು ಇನ್ನೊಮ್ಮೆ ಹೇಳಿಸಿಕೊಂಡರು. ನಾನು ಒಲೆಯ ಮುಂದೆಯೇ ಕೂತೆ. ನಮ್ಮ ಊರು ನೋಡದ ಯಾರೋ ಒಬ್ಬರು, ಎಲ್ಲೋ ಕೂತು, ಚೆಂಡು ಆಚೆ ಬದಿಗಿದ್ದಾಗಲೂ ಈಚೆ ನಿಂತ ನನ್ನ ಮಗಳನ್ನು ನೋಡಿದ್ದರು. ತಮ್ಮ ಲೆಕ್ಕಕ್ಕೆ ಸಿಗದ್ದನ್ನು ಸಿಗಲಿಲ್ಲವೆಂದೇ ಬರೆದಿದ್ದರು. ಆ ಕೆಲಸದ ಮೇಲೆ ನನಗೆ ಗೌರವ ಹುಟ್ಟಿದ್ದು ಆಗಲೇ.

ಅಂದು ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು. ಖುಷಿಗೆಂದು ಗೋಧಿ ಬೆಲ್ಲದ ಮಾದಲಿ ಮಾಡಿ ಮೇಲೆ ಬಿಸಿ ಹಾಲು ಸುರಿದೆ. ಮೊದಲು ಮಲಗಿದವರು ಯಜಮಾನರು. ಆ ಸಾಲನ್ನು ತಮ್ಮನಿಗೆ ಫೋನಿನಲ್ಲಿ ಮತ್ತೆ ಮತ್ತೆ ಹೇಳಿ ದಣಿದಿದ್ದರು. ಮಗಳು ಹಿತ್ತಲಿಗೆ ಹೋಗಿ ತಂತಿಯ ಮೇಲಿನ ಸಾಕ್ಸು ಒಣಗಿವೆಯೇ ಎಂದು ಮುಟ್ಟಿ ನೋಡುತ್ತಿದ್ದಳು.